ಅದು ಕೊಳೆಯಲ್ಲ

ಕೂದಲಿದ್ದವಳು ಯಾವ ತುರುಬು ಕಟ್ಟಿದರೂ ಚೆಂದ ಎಂದು ನಮ್ಮಲ್ಲಿ ಹಿರಿಯರು ಹೇಳುತ್ತಾರೆ. ಆದರೆ ಆ ಮಾತು ತಲೆಯಿಂದ ಕೆಳಗೆ ಇಳಿಯುವುದಿಲ್ಲ. ತಲೆಯ ಮೇಲಿದ್ದರೆ ಐಶ್ವರ್ಯ, ತೊಡೆಯ ಸಂದಿಯಲ್ಲಿದ್ದರೆ ಕೊಳೆ. ಅದಕ್ಕೆ ಒಂದು ಮರ್ಯಾದೆಯ ಹೆಸರು ಕೂಡ ನಮ್ಮ ಬಾಯಿಗೆ ಬರುವುದಿಲ್ಲ. 'ಅಲ್ಲಿ' ಅನ್ನುತ್ತೇವೆ, 'ಕೆಳಗೆ' ಅನ್ನುತ್ತೇವೆ, ಇನ್ನೂ ಸಂಕೋಚವಾದರೆ ಬರೀ ಕಣ್ಣಿನಲ್ಲಿ ತೋರಿಸುತ್ತೇವೆ. ಈಚೆಗೆ ನಮ್ಮೂರಿನ ಬ್ಯೂಟಿ ಪಾರ್ಲರಿನ ಬೋರ್ಡಿನಲ್ಲಿ 'ಬಿಕಿನಿ ವ್ಯಾಕ್ಸ್' ಎಂದು ಬರೆದಿದ್ದಾರೆ. ಸಮಾಜ ವಿಜ್ಞಾನ ಹೇಳಿಕೊಡುವವಳಾದ್ದರಿಂದ ನನಗೆ ಬಿಕಿನಿ ಎಂದರೆ ಮೊದಲು ನೆನಪಾಗುವುದು ಪೆಸಿಫಿಕ್ ಸಾಗರದ ಒಂದು ಹವಳದ ದ್ವೀಪ. 1946ರ ಜುಲೈನಲ್ಲಿ ಅಮೆರಿಕ ಅಲ್ಲಿ ಅಣುಬಾಂಬ್ ಪರೀಕ್ಷೆ ನಡೆಸಿತು. ಅದೇ ತಿಂಗಳು ಪ್ಯಾರಿಸ್ಸಿನಲ್ಲಿ ಒಬ್ಬ ತಾನು ಹೊಲಿದ ತುಂಡು ಈಜುಡುಗೆಗೆ ಆ ದ್ವೀಪದ ಹೆಸರಿಟ್ಟ. ಆ ಉಡುಗೆಯನ್ನು ಜನ್ಮದಲ್ಲಿ ತೊಡದ, ತೊಡುವ ಯೋಚನೆಯೂ ಇಲ್ಲದ ತೆಂಗಿನ ಸೀಮೆಯ ಹೆಂಗಸರ ಮೈಯ ಒಂದು ಭಾಗಕ್ಕೆ ಈಗ ಅದೇ ಹೆಸರು. ಹೋಗಲಿ, ಹೆಸರಿನ ಜಗಳ ನನ್ನದಲ್ಲ.

ನನ್ನ ಜಗಳ ಬೇರೆಯದು. ಆ ಕೂದಲನ್ನು ಕೊಳೆ ಎಂದು ನಮ್ಮ ತಲೆಗೆ ತುಂಬಿದವರ ಮೇಲೆ ನನಗೆ ಸಿಟ್ಟಿದೆ. ಮೊದಲು ಆಸ್ಪತ್ರೆಯವರು ತುಂಬಿದರು, ಈಗ ಅಂಗಡಿಯವರು ತುಂಬುತ್ತಿದ್ದಾರೆ. ಆಸ್ಪತ್ರೆಯವರು ಬ್ಲೇಡು ಹಿಡಿದು ಬೈದರು, ಅಂಗಡಿಯವರು ಟ್ಯೂಬು ಹಿಡಿದು ನಗುತ್ತಾರೆ, ಅಷ್ಟೇ ವ್ಯತ್ಯಾಸ. ಎರಡೂ ಕಡೆ ಸುಮ್ಮನಿದ್ದವರು ನಾವು. ನಾನೂ ಸುಮ್ಮನಿದ್ದವಳೇ.

1995ರಲ್ಲಿ ಚೊಚ್ಚಲ ಹೆರಿಗೆಗೆಂದು ತೌರಿಗೆ ಬಂದಿದ್ದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ನೋವು ಶುರುವಾಯಿತು. ಅಣ್ಣ ಯಾರದೋ ವ್ಯಾನು ಕೇಳಿಕೊಂಡು ಬಂದು ಹತ್ತಿರದ ಪಟ್ಟಣದ ಆಸ್ಪತ್ರೆಗೆ ಸೇರಿಸಿದ. ಅಮ್ಮನನ್ನು ಲೇಬರ್ ವಾರ್ಡಿನ ಬಾಗಿಲ ಹೊರಗೇ ನಿಲ್ಲಿಸಿದರು. ಒಳಗೆ ಮೂರು ಮಂಚ, ಮೂರರಲ್ಲೂ ಹೆಂಗಸರು, ನಡುವೆ ಪರದೆ ಇಲ್ಲ. ಸಿಸ್ಟರು ಆಯಾಗೆ "ಪ್ರಿಪೇರ್ ಮಾಡಮ್ಮ ಇವರನ್ನ" ಎಂದು ಹೇಳಿ ಹೋದರು. ಪ್ರಿಪೇರ್ ಎಂದರೆ ಏನೆಂದು ನನಗೆ ಯಾರೂ ಹೇಳಿರಲಿಲ್ಲ. ಪರೀಕ್ಷೆಗೆ ಮಕ್ಕಳನ್ನು ಪ್ರಿಪೇರ್ ಮಾಡುವುದಷ್ಟೇ ನನಗೆ ಗೊತ್ತಿತ್ತು.

ಆಯಾ ಒಂದು ಎನಾಮಲ್ ಬಟ್ಟಲಲ್ಲಿ ನೀರು, ಸೋಪಿನ ಚೂರು, ಹತ್ತಿ ತಂದಳು. ಬ್ಲೇಡೊಂದನ್ನು ಉದ್ದಕ್ಕೆ ಎರಡಾಗಿ ಮುರಿದು ಅರ್ಧವನ್ನು ಪಕ್ಕದ ಮಂಚದವಳಿಗೆ ಎತ್ತಿಟ್ಟಳು. ಸೀರೆ ಎತ್ತಿ, "ಏನವ್ವ ಇದು, ಕಾಡು ಬೆಳೆಸ್ಕೊಂಡು ಬಂದಿದೀಯಲ್ಲ, ಓದಿದೋಳು ಬೇರೆ!" ಎಂದಳು. ಪಕ್ಕದ ಮಂಚದವಳು ತನ್ನ ನೋವಿನ ನಡುವೆಯೂ ಇತ್ತ ತಿರುಗಿ ನೋಡಿದಳು. ನನಗೆ ಆ ಹೊತ್ತಿನಲ್ಲಿ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಬ್ಲೇಡು ಎಳೆಯುತ್ತಿರುವಾಗಲೇ ನೋವಿನ ಅಲೆ ಬಂತು. ಮೈ ತಾನಾಗಿಯೇ ಮುದುಡಿತು. "ಅಲ್ಲಾಡಬ್ಯಾಡ, ಕುಯ್ದ್ರೆ ನನ್ನ ಕೇಳಬ್ಯಾಡ." ನೋವು ಬಂದಾಗ ಅಲ್ಲಾಡದೆ ಇರುವುದು ಹೇಗೆಂದು ಆಕೆಗೂ ಗೊತ್ತಿರಲಿಲ್ಲ, ಪಾಪ. ಆಕೆಯೂ ಮೂರು ಮಕ್ಕಳ ತಾಯಿ. ಎರಡು ಕಡೆ ಕುಯ್ದಿತು. ಅದರ ಮೇಲೆ ಕ್ರಿಮಿನಾಶಕದಲ್ಲಿ ಅದ್ದಿದ ಹತ್ತಿ ಒರೆಸಿದಳು. ಮಗು ಹುಟ್ಟಿದ ನೋವು ನನಗೆ ಈಗ ಸರಿಯಾಗಿ ನೆನಪಿಲ್ಲ. ಆ ಹತ್ತಿಯ ಉರಿ ನೆನಪಿದೆ.

ಅಲ್ಲಿಗೆ ಮುಗಿಯಲಿಲ್ಲ. ಬಾಣಂತನದಲ್ಲಿ ಕೂದಲು ಮತ್ತೆ ಮೊಳೆಯಲು ಶುರುವಾಯಿತು. ಒಂದು ಕಡೆ ಹೆರಿಗೆಯ ಹೊಲಿಗೆ, ಅದರ ಸುತ್ತ ಮುಳ್ಳಿನಂತೆ ಏಳುವ ಕೂದಲು. ಕೂತರೆ ಚುಚ್ಚುತ್ತದೆ, ನಡೆದರೆ ಉಜ್ಜುತ್ತದೆ, ತುರಿಸಿದರೆ ಹೊಲಿಗೆ ನೋಯುತ್ತದೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಸಣ್ಣ ಸಣ್ಣ ಕೀವಿನ ಗುಳ್ಳೆಗಳು. ಅಮ್ಮನಿಗೆ ಹೇಳಲೂ ನಾಚಿಕೆ. ಕೊನೆಗೆ ಹೇಳಿದರೆ ಅಮ್ಮ, "ಎಲ್ರಿಗೂ ಆಗೋದೇ ಕಣೇ, ಆಸ್ಪತ್ರೇಲಿ ಹೆತ್ತೋರಿಗೆಲ್ಲ" ಎಂದು ಕೊಬ್ಬರಿ ಎಣ್ಣೆಯ ಬಟ್ಟಲು ಮುಂದಿಟ್ಟಳು. ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಐದು ಹೆತ್ತ ಅಮ್ಮನಿಗೆ ಈ ಬ್ಲೇಡಿನ ಅನುಭವವೇ ಇರಲಿಲ್ಲ. ಮನೆಯ ಹೆರಿಗೆಯೇ ಚೆನ್ನಾಗಿತ್ತು ಎನ್ನುವವಳಲ್ಲ ನಾನು. ಅಮ್ಮ ಹೆತ್ತ ಐದರಲ್ಲಿ ಉಳಿದದ್ದು ಮೂರು. ಆಸ್ಪತ್ರೆ ನಮ್ಮ ಜೀವ ಉಳಿಸಿದೆ. ಅದಕ್ಕೇ ಅಲ್ಲಿ ನಡೆದದ್ದನ್ನೆಲ್ಲ ನಾವು ಕೈಮುಗಿದು ಒಪ್ಪಿಕೊಂಡೆವು.

ಇನ್ನೂ ನಾಚಿಕೆಯ ಮಾತು ಮುಂದಿದೆ. 1998ರಲ್ಲಿ ಎರಡನೆಯ ಹೆರಿಗೆ. ಮತ್ತೆ ಆ 'ಕಾಡು' ಎಂಬ ಮಾತು ಕೇಳಬಾರದೆಂದು, ದಿನ ತುಂಬುವ ಮೊದಲೇ ಒಂದು ಮಧ್ಯಾಹ್ನ ಬಚ್ಚಲಿನ ಅಗುಳಿ ಹಾಕಿಕೊಂಡು ಯಜಮಾನರ ರೇಜರು ಹಿಡಿದು ಕೂತೆ. ಒಂಬತ್ತು ತಿಂಗಳ ಹೊಟ್ಟೆ ಅಡ್ಡ, ಕೆಳಗೆ ಏನೂ ಕಾಣದು. ಕೈಗನ್ನಡಿಯನ್ನು ಬಕೆಟ್ಟಿಗೆ ಒರಗಿಸಿಟ್ಟು ಬರೀ ಅಂದಾಜಿನಲ್ಲಿ ಎಳೆದೆ. ಒದ್ದೆ ನೆಲ, ಜಾರಿ ಬಿದ್ದಿದ್ದರೆ ಏನು ಗತಿ ಎಂದು ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ. ಬಿಎಡ್ ಮಾಡಿದವಳು, ಮಕ್ಕಳಿಗೆ ಧೈರ್ಯ ಹೇಳುವವಳು, ಒಂದು ಬೈಗುಳಕ್ಕೆ ಹೆದರಿ ನನ್ನ ಮೈಗೆ ನಾನೇ ಬ್ಲೇಡು ಹಾಕಿಕೊಂಡೆ. ಆಸ್ಪತ್ರೆಯಲ್ಲಿ ಅವತ್ತು ಬೇರೆ ಆಯಾ ಇದ್ದಳು. ನೋಡಿ, "ಪರವಾಗಿಲ್ಲ, ನೀಟಾಗಿದೀರ" ಎಂದಳು. ನನಗೆ ಹೆಮ್ಮೆಯಾಯಿತು! ಆ ಹೆಮ್ಮೆಯನ್ನು ನೆನೆದರೆ ಈಗ ಮೊದಲ ಸಲದ ಬೈಗುಳಕ್ಕಿಂತ ಹೆಚ್ಚು ಸಂಕಟವಾಗುತ್ತದೆ.

ಇಷ್ಟೆಲ್ಲ ಯಾತಕ್ಕೆ? ಸೋಂಕು ತಗಲಬಾರದೆಂದು, ಎಂದು ನಾವೆಲ್ಲ ನಂಬಿದ್ದೆವು. ಸಿಸ್ಟರುಗಳೂ ನಂಬಿದ್ದರು, ಅವರ ಟ್ರೈನಿಂಗಿನಲ್ಲಿ ಹಾಗೆಯೇ ಕಲಿಸಿದ್ದರು. ಪಾಶ್ಚಾತ್ಯ ದೇಶಗಳಲ್ಲಿ ಹೆರಿಗೆ ಮನೆಯಿಂದ ಆಸ್ಪತ್ರೆಗೆ ಬಂದ ಕಾಲದಲ್ಲಿ ಬಾಣಂತಿ ಜ್ವರದ ಭಯದಿಂದ ಹುಟ್ಟಿದ ಪದ್ಧತಿ ಇದು. ಆದರೆ ಇದರಿಂದ ಉಪಯೋಗವಿದೆಯೇ ಎಂದು ಅಮೆರಿಕದ ಇಬ್ಬರು ವೈದ್ಯರು 1922ರಲ್ಲಿಯೇ ಪರೀಕ್ಷಿಸಿ ನೋಡಿದ್ದರು. ಬೋಳಿಸಿದವರಿಗೂ ಬೋಳಿಸದವರಿಗೂ ಸೋಂಕಿನಲ್ಲಿ ಲಾಭದ ವ್ಯತ್ಯಾಸವೇನೂ ಅವರಿಗೆ ಕಾಣಲಿಲ್ಲ. ನನ್ನ ಅಮ್ಮ ಹುಟ್ಟುವುದಕ್ಕೂ ಮೊದಲಿನ ಮಾತು ಅದು. 1996ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಹಜ ಹೆರಿಗೆಯ ಬಗ್ಗೆ ಹೊರತಂದ ಕೈಪಿಡಿಯಲ್ಲಿ, ಬಿಟ್ಟುಬಿಡಬೇಕಾದ ಪದ್ಧತಿಗಳ ಪಟ್ಟಿಯಲ್ಲಿ ಈ ಬೋಳಿಸುವುದನ್ನೂ ಎನಿಮಾ ಕೊಡುವುದನ್ನೂ ಸೇರಿಸಿತು. ನನ್ನ ಎರಡನೆಯ ಹೆರಿಗೆಗೆ ಎರಡು ವರ್ಷ ಮೊದಲು! ನಾನು ಕೈಗನ್ನಡಿ ಹಿಡಿದು ಒದ್ದಾಡುತ್ತಿದ್ದಾಗ ಆ ಪುಸ್ತಕ ಅಚ್ಚಾಗಿ ಎಲ್ಲೋ ಕಪಾಟಿನಲ್ಲಿ ಕೂತಿತ್ತು. 2018ರಲ್ಲಿ ಅದೇ ಸಂಸ್ಥೆ ಮತ್ತೆ ಹೇಳಿತು, ಸಹಜ ಹೆರಿಗೆಗೆ ಮೊದಲು ವಾಡಿಕೆಯಂತೆ ಎಲ್ಲರಿಗೂ ಬೋಳಿಸುವುದು ಬೇಡ ಎಂದು.

ಆಪರೇಷನ್ನಿನ ವಿಷಯದಲ್ಲಂತೂ ಬ್ಲೇಡು ಉಪಕಾರ ಮಾಡದಿರುವುದಷ್ಟೇ ಅಲ್ಲ, ಅಪಕಾರವನ್ನೇ ಮಾಡುತ್ತದೆ. 1971ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ ರೇಜರಿನಿಂದ ಬೋಳಿಸಿದವರಲ್ಲಿ ನೂರಕ್ಕೆ 5.6 ಮಂದಿಗೆ ಗಾಯ ಸೋಂಕಾಗಿತ್ತು. ಕೂದಲನ್ನು ಮುಟ್ಟದೆ ಬಿಟ್ಟವರಲ್ಲಿ ಅದು ನೂರಕ್ಕೆ 0.6 ಮಾತ್ರ. ಬೋಳಿಸಿದ್ದು ಆಪರೇಷನ್ನಿಗೆ ಎಷ್ಟು ಮೊದಲೋ ಅಷ್ಟು ಸೋಂಕು ಹೆಚ್ಚು ಎಂದೂ ಅದರಲ್ಲಿ ಕಂಡಿತು. ಕಾರಣ ಬಹಳ ಸರಳ. ಬ್ಲೇಡು ಕೂದಲಿನ ಜೊತೆಗೆ ಚರ್ಮದ ಮೇಲುಪದರವನ್ನೂ ಹೆರೆಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಗಾಯಗಳು. ಚರ್ಮದ ಮೇಲೆ ಸುಮ್ಮನಿದ್ದ ರೋಗಾಣುಗಳಿಗೆ ಒಳಗೆ ಹೋಗಲು ದಾರಿ, ರಾತ್ರಿಯಿಡೀ ಬೆಳೆಯಲು ಹೊತ್ತು. 2016ರ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಲ್ಲಿ, ಕೂದಲು ತೆಗೆಯಬೇಡಿ, ತೆಗೆಯಲೇಬೇಕಾದರೆ ಮೆಷಿನ್ನಿನಿಂದ ಕತ್ತರಿಸಿ, ಬ್ಲೇಡು ಮಾತ್ರ ಬೇಡ ಎಂದು ಕಟ್ಟುನಿಟ್ಟಾಗಿ ಹೇಳಿದೆ. ಮರು ವರ್ಷ ನನ್ನ ನಾದಿನಿಗೆ ಗರ್ಭಕೋಶದ ಆಪರೇಷನ್ ಆಯಿತು. ಹಿಂದಿನ ರಾತ್ರಿ ಎಂಟು ಗಂಟೆಗೇ ಬ್ಲೇಡು ಬಂತು. ಹತ್ತನೇ ದಿನ ಗಾಯ ಕೀವಾಯಿತು. ಬ್ಲೇಡಿನಿಂದಲೇ ಆಯಿತೆಂದು ನಾನು ಪ್ರಮಾಣ ಮಾಡಲಾರೆ. ಅವಳಿಗೆ ಸಕ್ಕರೆ ಕಾಯಿಲೆಯೂ ಇತ್ತು. ಆದರೆ ಬೇಡವೆಂದು ಹೇಳಿದ್ದನ್ನು ಮಾಡಿದರೆಂಬುದಂತೂ ನಿಜ.

ಡಾಕ್ಟರುಗಳಿಗೆ ಇದು ಗೊತ್ತಿಲ್ಲವೆಂದು ನಾನು ಹೇಳುವುದಿಲ್ಲ. ಗೊತ್ತಿದೆ. ಆದರೆ ಈ ಕೆಲಸ ಡಾಕ್ಟರರ ಕೈಯಲ್ಲಿಲ್ಲ, ಆಯಾಳ ಕೈಯಲ್ಲಿದೆ, ಆಯಾಗೆ ಹಿಂದಿನ ಆಯಾ ಹೇಳಿಕೊಟ್ಟದ್ದು. ರೋಗಿಗಳು ಕೇಳಿದ್ದರೆ ಎಂದೋ ನಿಲ್ಲುತ್ತಿತ್ತು. ಕೇಳಬೇಕಾದರೆ ಆ ಜಾಗದ ಹೆಸರೆತ್ತಬೇಕಲ್ಲ! ಗಂಡಸರ ಗಡ್ಡಕ್ಕೆ ಬೇಡದ ಬ್ಲೇಡು ಹಾಕಲು ಹೋಗಿದ್ದರೆ ಸಂಘ ಕಟ್ಟಿ ಮನವಿ ಸಲ್ಲಿಸಿರುತ್ತಿದ್ದರು.

ಇನ್ನು ಅಂಗಡಿಯ ಮಾತು. ನಾವು ಓದುವಾಗ ಕೂದಲು ತೆಗೆಯುವ ಕ್ರೀಮಿನ ಟ್ಯೂಬನ್ನು ಫ್ಯಾನ್ಸಿ ಸ್ಟೋರಿನಲ್ಲಿ ಪೇಪರಿನಲ್ಲಿ ಸುತ್ತಿಕೊಡುತ್ತಿದ್ದರು. ಹಾಸ್ಟೆಲಿನ ಶ್ರೀಮಂತ ಹುಡುಗಿಯರು ಕೈಕಾಲಿಗೆ ಹಚ್ಚಿಕೊಳ್ಳುತ್ತಿದ್ದರು. ಈಗ ಅದು ಎಲ್ಲೆಲ್ಲಿಗೋ ಹೋಗಿದೆ. ನನ್ನ ಅಕ್ಕನ ಮಗಳ ಮದುವೆ 2019ರಲ್ಲಿ. ಪಾರ್ಲರಿನ 'ಬ್ರೈಡಲ್ ಪ್ಯಾಕೇಜ್' ಎಂಬುದರಲ್ಲಿ ಮುಖ, ಕೈ, ಕಾಲು, ಉಗುರಿನ ಜೊತೆಗೆ ಇದೂ ಸೇರಿತ್ತು. ಅಪರಿಚಿತರ ಮುಂದೆ ಮಲಗಲು ಸಂಕೋಚಪಟ್ಟು ಈ ಹುಡುಗಿ ತಾನೇ ಕ್ರೀಮು ತಂದು ಮನೆಯಲ್ಲಿ ಹಚ್ಚಿಕೊಂಡಳು. ಕಾಲಿಗೆ ಹೇಳಿದ ಹೊತ್ತಿಗಿಂತ ಇನ್ನಷ್ಟು ಹೊತ್ತು ಬಿಟ್ಟಳಂತೆ, ಅಲ್ಲಿ ಕೂದಲು ದಪ್ಪವಲ್ಲವೇ ಎಂದು. ತೊಳೆಯುವಾಗ ಚರ್ಮವೇ ಸುಲಿದು ಬಂತು. ಮದುವೆಗೆ ಎಂಟು ದಿನ. ಮನೆ ತುಂಬ ನೆಂಟರು. ಯಾರಿಗೂ ಹೇಳದೆ ಬೋರೊಲಿನ್ ಹಚ್ಚಿಕೊಂಡು, ಒಳಲಂಗದ ಬಟ್ಟೆ ತಾಗದಂತೆ ಕಾಲಗಲಿಸಿ ನಡೆಯುತ್ತಿದ್ದಳು. ಅವಳ ಸೋದರತ್ತೆ "ಇದೇನೇ ಬಾತುಕೋಳಿ ನಡಿಗೆ" ಎಂದು ನಗುತ್ತಿದ್ದಳು. ಮೂರನೇ ದಿನ ಜ್ವರ ಬಂದ ಮೇಲೆ ನನಗೆ ಹೇಳಿದಳು. ಚರ್ಮರೋಗದ ಲೇಡಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ.

ಆ ಡಾಕ್ಟರು ನನಗೆ ಅರ್ಥವಾಗುವಂತೆ ಹೇಳಿದರು. ಆ ಕ್ರೀಮುಗಳಲ್ಲಿರುವುದು ಥಯೋಗ್ಲೈಕೋಲೇಟ್ ಎಂಬ ಲವಣ, ಜೊತೆಗೆ ಸುಣ್ಣದಂಥ ಕ್ಷಾರ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು, ಅದನ್ನು ಇದು ಕರಗಿಸುತ್ತದೆ. ಆದರೆ ಚರ್ಮದ ಮೇಲುಪದರವೂ ಕೆರಾಟಿನ್ನೇ. ಕ್ರೀಮಿಗೆ ಇದು ಕೂದಲು, ಇದು ಚರ್ಮ ಎಂಬ ಭೇದ ಗೊತ್ತಿಲ್ಲ, ಹೊತ್ತು ಮೀರಿದರೆ ಎರಡನ್ನೂ ತಿನ್ನುತ್ತದೆ. ಕಾಲಿನ ಚರ್ಮ ತಡೆಯುವಷ್ಟು ಆ ಜಾಗದ ಚರ್ಮ ತಡೆಯದು. ಒಳಗಿನ ಪದರವಂತೂ ಬಾಯೊಳಗಿನ ಚರ್ಮದಂತೆ ಮೃದು. ಮನೆಗೆ ಬಂದು ಡಬ್ಬಿ ತಿರುಗಿಸಿ ನೋಡಿದರೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಗುಪ್ತಾಂಗಕ್ಕೆ ಹಚ್ಚಬಾರದೆಂದು ಬರೆದೇ ಇತ್ತು. ಮುಂಭಾಗದಲ್ಲಿ ನಗುವ ಹುಡುಗಿಯ ಚಿತ್ರ ಅಂಗೈಯಗಲ, ಹಿಂಭಾಗದ ಎಚ್ಚರಿಕೆಗೆ ನನ್ನ ಕನ್ನಡಕವೂ ಸಾಲದು, ಅದೂ ಇಂಗ್ಲಿಷಿನಲ್ಲಿ. ಹುಡುಗಿ ಸಪ್ತಪದಿಯನ್ನೇನೋ ತುಳಿದಳು. ಹೇಗೆ ತುಳಿದಳೆಂಬುದು ಅವಳಿಗೂ ನನಗೂ ಗೊತ್ತು.

ನಾನು ಕೇಳಿದೆ, "ನಿನಗೆ ಯಾರು ಹೇಳಿದರೇ ತೆಗೀಬೇಕು ಅಂತ? ಹುಡುಗ ಹೇಳಿದನಾ?" ಇಲ್ಲವಂತೆ. ಅವನಿಗೆ ಈ ಯೋಚನೆಯೇ ಇದ್ದಂತಿಲ್ಲ. "ಗೊತ್ತಿಲ್ಲ ಚಿಕ್ಕಮ್ಮ, ಎಲ್ಲರೂ ತೆಗೀತಾರಲ್ಲ, ಕ್ಲೀನಾಗಿರಬೇಕಲ್ಲ" ಎಂದಳು. 'ಕ್ಲೀನ್' ಎಂಬ ಆ ಒಂದು ಮಾತು! ಆಯಾ 'ಕಾಡು' ಎಂದದ್ದೂ ಅದನ್ನೇ.

ಹಾಗಾದರೆ ಕೇಳಿ. ಆ ಕೂದಲು ಕೊಳೆಯಲ್ಲ. ಹನ್ನೊಂದು ಹನ್ನೆರಡನೇ ವಯಸ್ಸಿಗೆ ಹಾರ್ಮೋನುಗಳ ಬದಲಾವಣೆಯಿಂದ ಬರುತ್ತದೆ, ಗಂಡಿಗೂ ಬರುತ್ತದೆ ಹೆಣ್ಣಿಗೂ ಬರುತ್ತದೆ. ಚರ್ಮಕ್ಕೆ ಚರ್ಮ ಉಜ್ಜದಂತೆ ನಡುವೆ ಒಂದು ಮೆತ್ತೆ ಅದು. ಇದ್ದರೆ ಸೋಂಕು ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ, ಸ್ನಾನ ಮಾಡುವವರಿಗೆ ಅದರಿಂದ ಯಾವ ತೊಂದರೆಯೂ ಇಲ್ಲ. ತೆಗೆಯುವುದರಿಂದ ಆರೋಗ್ಯಕ್ಕೆ ಲಾಭವೂ ಇಲ್ಲ. ಹಾಗೆಂದು ತೆಗೆಯಲೇಬಾರದೆಂದು ಹೇಳಲು ನಾನು ಯಾರು? ನನ್ನ ಸಹೋದ್ಯೋಗಿಯೊಬ್ಬರು ಮುಸ್ಲಿಮರು. ನಲವತ್ತು ದಿನ ಮೀರದಂತೆ ತೆಗೆಯುವುದು ಅವರ ಧರ್ಮದಲ್ಲಿ ಶುದ್ಧಿಯ ನಿಯಮ, ಗಂಡಸರಿಗೂ ಹೆಂಗಸರಿಗೂ ಒಂದೇ ಎಂದು ಅವರು ಹೇಳಿದಾಗ, ಗಂಡಸರಿಗೂ ಇದೆಯಲ್ಲ ಎಂದು ನನಗೆ ಸಂತೋಷವೇ ಆಯಿತು. ತನ್ನ ಕೈ, ತನ್ನ ಮೈ, ತನ್ನ ನಂಬಿಕೆ. ಬೆವರಿಗೆ ಹಿಂಸೆ ಎಂದು ಬೇಸಿಗೆಯಲ್ಲಿ ಕತ್ತರಿಸಿಕೊಳ್ಳುವವರೂ ಇದ್ದಾರೆ, ಅದೂ ಸರಿಯೇ. ಕೊಳೆ ಎಂದು ಹೆದರಿ, ಗಾಯ ಮಾಡಿಕೊಂಡು, ಗಾಯವನ್ನೂ ಮುಚ್ಚಿಟ್ಟುಕೊಳ್ಳುವುದನ್ನು ಮಾತ್ರ ನಾನು ಸರಿ ಎನ್ನಲಾರೆ.

ಮುಚ್ಚಿಡುವುದರ ಫಲ ಏನೆಂದು ನಾನು ಶಾಲೆಯಲ್ಲಿ ನೋಡುತ್ತಿದ್ದೇನೆ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ, ಹದಿಹರೆಯದಲ್ಲಿ ಎಲ್ಲೆಲ್ಲಿ ಕೂದಲು ಬರುತ್ತದೆಂದು ಅದರಲ್ಲಿ ಬರೆದಿದೆ. ನಮ್ಮ ವಿಜ್ಞಾನದ ಮೇಷ್ಟ್ರು ಒಳ್ಳೆಯವರು, ಆದರೆ ಆ ಪುಟ ಬಂದಾಗ ಅವರ ದೃಷ್ಟಿ ಕಿಟಕಿಯ ಆಚೆಗಿನ ತೆಂಗಿನಮರಕ್ಕೆ ಹೋಗುತ್ತದೆ. "ಇದನ್ನ ಮನೇಲಿ ಓದ್ಕೊಳ್ಳಿ." ಮನೆಯಲ್ಲಿ ಯಾರು ಹೇಳಬೇಕು? ಹುಡುಗಿಯರು ನನ್ನ ಹತ್ತಿರ ಬರುತ್ತಾರೆ, ಇತಿಹಾಸದ ಟೀಚರು ಎಂಬ ಧೈರ್ಯಕ್ಕೋ ಏನೋ. ಒಬ್ಬಳು ತೊಡೆಸಂದಿಯ ಹುಳುಕಡ್ಡಿಯನ್ನು ಎಂಟು ತಿಂಗಳಿಂದ ಇಟ್ಟುಕೊಂಡಿದ್ದಳು. ಕೂದಲಿನಿಂದ ಬಂತೆಂದು ಅಪ್ಪನ ಹಳೇ ಬ್ಲೇಡಿನಲ್ಲಿ ಬೋಳಿಸಿದ್ದಾಳೆ, ಅದು ಇನ್ನೂ ಹರಡಿದೆ. ಅವರಮ್ಮ ಮೆಡಿಕಲ್ ಸ್ಟೋರಿನಲ್ಲಿ 'ತುರಿಕೆಗೆ ಒಂದು ಟ್ಯೂಬ್ ಕೊಡಿ' ಎಂದು ತಂದು ಕೊಟ್ಟಿದ್ದಾರೆ. ಎಲ್ಲಿ ತುರಿಕೆ ಎಂದು ಹೇಳಲು ಅವರಿಗೆ ನಾಚಿಕೆ, ಕೇಳಲು ಅಂಗಡಿಯವನಿಗೆ ಪುರುಸೊತ್ತಿಲ್ಲ. ಆ ಟ್ಯೂಬಿನಲ್ಲಿ ಸ್ಟಿರಾಯ್ಡ್ ಬೆರೆತಿತ್ತು. ಹಚ್ಚಿದ ಎರಡು ದಿನ ಹಾಯ್ ಎನ್ನಿಸುತ್ತದೆ, ಕೆಂಪು ಇಳಿಯುತ್ತದೆ. ಒಳಗೆ ಶಿಲೀಂಧ್ರ ನಿಶ್ಚಿಂತೆಯಾಗಿ ಬೆಳೆಯುತ್ತದೆ, ಮೇಲೆ ಚರ್ಮ ಕಾಗದದಂತೆ ತೆಳುವಾಗಿ ಬಿಳಿ ಗೆರೆ ಬೀಳುತ್ತವೆ, ಆ ಗೆರೆಗಳು ಜನ್ಮಕ್ಕೆ ಹೋಗುವುದಿಲ್ಲ. 2018ರಲ್ಲಿ ಕೇಂದ್ರ ಸರಕಾರ ಇಂಥ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ನಮ್ಮೂರಿನ ಅಂಗಡಿಗೆ ಆ ಸುದ್ದಿ ಇನ್ನೂ ಪೂರ್ತಿ ತಲುಪಿದಂತೆ ಕಾಣೆ. ಔಷಧಿಗೆ ಬಗ್ಗದ ಹುಳುಕಡ್ಡಿಯ ಒಂದು ಶಿಲೀಂಧ್ರಕ್ಕೆ 2020ರಲ್ಲಿ ವಿಜ್ಞಾನಿಗಳು ಇಟ್ಟ ಹೆಸರಿನಲ್ಲೇ 'ಇಂಡೊ' ಎಂದಿದೆ, ನಮ್ಮ ದೇಶದ ಹೆಸರು. ಎಂಥ ಕೀರ್ತಿ!

ಇನ್ನೊಂದು ಪಿಡುಗು ಬೆಳ್ಳಗಾಗುವುದು. ಮುಖ ಆಯಿತು, ಕಂಕುಳು ಆಯಿತು. 2012ರಲ್ಲಿ ಟೀವಿಯಲ್ಲಿ ಒಂದು ಜಾಹೀರಾತು ಬರುತ್ತಿತ್ತು, ಹೆಂಡತಿಯತ್ತ ತಿರುಗಿ ನೋಡದ ಗಂಡ ಆಕೆ 'ಅಲ್ಲಿ' ಬೆಳ್ಳಗಾಗುವ ಲೋಷನ್ನು ಬಳಸಿದ ಮೇಲೆ ಹಲ್ಲು ಕಿರಿಯುವುದು. ದೇಶದ ಉದ್ದಗಲಕ್ಕೂ ಹೆಂಗಸರು ಉಗಿದರು. ಆದರೂ ಆ ಆಸೆ ಹಾಗೆಯೇ ಉಳಿದಿದೆ, ಹೊಸ ಹೊಸ ಬಾಟಲಿಗಳಲ್ಲಿ ಬರುತ್ತಲೇ ಇದೆ. ಆ ಜಾಗ ಮೈಯ ಉಳಿದ ಭಾಗಕ್ಕಿಂತ ಕಪ್ಪಾಗಿರುವುದು ಎಲ್ಲ ಬಣ್ಣದ ಹೆಂಗಸರಿಗೂ ಸಹಜ. ಉಜ್ಜಿದಷ್ಟೂ ಇನ್ನಷ್ಟು ಕಪ್ಪಾಗುತ್ತದೆ. ಕತ್ತಿನ ಹಿಂದೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಚರ್ಮ ದಪ್ಪವಾಗಿ ವೆಲ್ವೆಟ್ಟಿನ ಹಾಗೆ ಕಪ್ಪಾಗುತ್ತ ಹೋದರೆ ಮಾತ್ರ ಅದು ಬೇರೆ ಮಾತು. ಅದು ಸಕ್ಕರೆ ಕಾಯಿಲೆ ಬರುವ ಮುನ್ಸೂಚನೆ ಇರಬಹುದು. ಅದಕ್ಕೆ ಬೇಕಾದ್ದು ರಕ್ತ ಪರೀಕ್ಷೆ, ಕ್ರೀಮಲ್ಲ. ನಮ್ಮ ಮನೆಗಳಲ್ಲಿ ಹುಡುಗಿಯ ಕತ್ತನ್ನು ಕಡಲೆಹಿಟ್ಟು ಹಾಕಿ ಉಜ್ಜಿ ಉಜ್ಜಿ ಬೈಯುತ್ತಾರೆ, 'ಕೊಳೆ ತೆಗೆಯೋಕೂ ಸೋಮಾರಿತನ' ಎಂದು. ಮತ್ತೆ ಅದೇ ಕೊಳೆ!

ಕೇಳಿದ ಹುಡುಗಿಯರಿಗೆ ನಾನು ಹೇಳುವುದು ಇಷ್ಟು, ಡಾಕ್ಟರನ್ನು ಕೇಳಿ ತಿಳಿದುಕೊಂಡದ್ದು. ಆ ಜಾಗ ಹೊರಗಡೆಯಿಂದ ತೊಳೆಯಲು ಉಗುರು ಬೆಚ್ಚಗಿನ ಬರೀ ನೀರು ಸಾಕು. ಒಳಗೆ ಸೋಪು, ಡೆಟಾಲು, ಪರಿಮಳದ ಲೋಷನ್ನು ಯಾವುದೂ ಬೇಡ. ಅಲ್ಲಿ ಹುಳಿಯ ಅಂಶವನ್ನು ಕಾಪಾಡುವ ಒಳ್ಳೆಯ ಬ್ಯಾಕ್ಟೀರಿಯಾ ಇವೆ, ಮೊಸರಿನ ಹೆಪ್ಪಿನ ಬಂಧುಗಳು ಎಂದರೂ ಸರಿಯೇ. ಸೋಪಿನ ಕ್ಷಾರಕ್ಕೆ ಅವು ಸಾಯುತ್ತವೆ, ಆಮೇಲೆ ತುರಿಕೆ, ವಾಸನೆ, ಬಿಳುಪು. ಕೂದಲು ಕಡಿಮೆ ಮಾಡಬೇಕೆನ್ನಿಸಿದರೆ ಮೊಂಡು ತುದಿಯ ಸಣ್ಣ ಕತ್ತರಿಯಲ್ಲಿ ಗಿಡ್ಡ ಮಾಡಿದರೆ ಆಯಿತು, ಅದರಿಂದ ಯಾರಿಗೂ ಗುಳ್ಳೆ ಎದ್ದದ್ದು ನಾನು ಕಂಡಿಲ್ಲ. ಬೋಳಿಸಲೇಬೇಕೆಂದರೆ ಬಿಸಿನೀರು ಸ್ನಾನವಾದ ಮೇಲೆ, ಕೂದಲು ಮೆತ್ತಗಾದಾಗ, ಹೊಸ ಬ್ಲೇಡಿನಲ್ಲಿ, ಕೂದಲು ಮಲಗಿದ ದಿಕ್ಕಿಗೇ ಹಗುರಾಗಿ. ಎದುರು ದಿಕ್ಕಿಗೆ ಎಳೆದರೆ ನುಣ್ಣಗಾಗುತ್ತದೆ ನಿಜ, ಆದರೆ ಮತ್ತೆ ಬೆಳೆಯುವ ಕೂದಲು ಚರ್ಮದೊಳಗೇ ತಿರುಗಿಕೊಂಡು ಗಂಟು ಕಟ್ಟುತ್ತದೆ. ಆ ಗಂಟನ್ನು ಪಿನ್ನಿನಿಂದ ಕೆದಕಬಾರದು. ಇನ್ನೊಬ್ಬರ ಬ್ಲೇಡು ಗಂಡನದ್ದಾದರೂ ಬೇಡ, ಕಾಮಾಲೆಯ ಬಿ ವೈರಸ್ಸು ರಕ್ತದ ತೊಟ್ಟಿನಲ್ಲೇ ದಾಟುತ್ತದೆ. ಉರಿಯಿದ್ದರೆ ತಣ್ಣೀರು ಬಟ್ಟೆ, ಆಮೇಲೆ ಹೊರಚರ್ಮಕ್ಕೆ ಒಂದಿಷ್ಟು ಕೊಬ್ಬರಿ ಎಣ್ಣೆ, ಸಡಿಲವಾದ ಹತ್ತಿಯ ಬಟ್ಟೆ. ತುರಿಕೆ, ಕೀವು, ಹರಡುವ ಉಂಗುರ ಇದ್ದರೆ ಬ್ಲೇಡನ್ನೂ ಕ್ರೀಮನ್ನೂ ಕೆಳಗಿಟ್ಟು ಡಾಕ್ಟರ ಹತ್ತಿರ ಹೋಗಬೇಕು, ಹೋದಾಗ ಎಲ್ಲಿ ಎಂದು ಬಾಯಿಬಿಟ್ಟು ಹೇಳಬೇಕು.

ಈ ಕಡೆಯ ಮಾತೇ ಎಲ್ಲಕ್ಕಿಂತ ಕಷ್ಟ ಎಂದು ನನಗೆ ಗೊತ್ತು.

2022ರಲ್ಲಿ ನನ್ನ ಮಗಳ ಹೆರಿಗೆ. ಅದೇ, 1995ರಲ್ಲಿ ಹುಟ್ಟಿದವಳು. ಬೇರೆ ಊರು, ದೊಡ್ಡ ಆಸ್ಪತ್ರೆ, ಪ್ರತಿ ಮಂಚಕ್ಕೂ ಹಸಿರು ಪರದೆ. ಸರಕಾರದ 'ಲಕ್ಷ್ಯ' ಯೋಜನೆ 2017ರಲ್ಲಿ ಬಂದ ಮೇಲೆ ಸರಕಾರಿ ಆಸ್ಪತ್ರೆಗಳಲ್ಲೂ ಪರದೆ ಹಾಕಬೇಕು, ಜೊತೆಗೆ ಒಬ್ಬರನ್ನು ಬಿಡಬೇಕು ಎಂದಾಗಿದೆ, ಇದು ಖಾಸಗಿಯದಾದರೂ ನನ್ನನ್ನು ಒಳಗೆ ಬಿಟ್ಟರು. ರಾತ್ರಿ ಹತ್ತರ ಹೊತ್ತಿಗೆ ಆಯಾ ಬಂದಳು. ಸ್ಟೀಲಿನ ಟ್ರೇ, ಹತ್ತಿ, ಪ್ಯಾಕೆಟ್ಟಿನಲ್ಲಿ ಬಳಸಿ ಎಸೆಯುವ ರೇಜರು. ಕಾಲ ಅಷ್ಟು ಮುಂದುವರಿದಿತ್ತು.

ನನ್ನ ಎದೆ ಹೊಡೆದುಕೊಳ್ಳತೊಡಗಿತು. ಓದಿಕೊಂಡಿದ್ದೆ, ಸ್ಟಾಫ್ ರೂಮಿನಲ್ಲಿ ವಾದ ಮಾಡಿದ್ದೆ, ಆದರೂ ಬಾಯಿಗೆ ಮಾತು ಬರಲಿಲ್ಲ. ಮಗಳು ಕಷ್ಟಪಟ್ಟು ಮೊಣಕೈ ಊರಿ ಎದ್ದು, "ಅದು ಬೇಡ ಅಕ್ಕ" ಎಂದಳು.

"ಎಲ್ರಿಗೂ ಮಾಡ್ತೀವಿ ಮೇಡಂ, ರೂಲ್ಸು."

"ಡಾಕ್ಟರನ್ನ ಕೇಳಿ. ನನಗೆ ಬೇಡ."

ಆಗ ನನಗೂ ಧೈರ್ಯ ಬಂತು. ಡ್ಯೂಟಿ ಡಾಕ್ಟರ ಕೋಣೆಗೆ ನಾನೇ ಹೋದೆ. ಮಗಳ ವಯಸ್ಸಿನ ಹುಡುಗಿ, ಊಟದ ಡಬ್ಬಿ ತೆರೆದಿದ್ದಳು. ವಿಷಯ ಹೇಳಿದೆ. ಈ ಸಲ 'ಅಲ್ಲಿ' ಅನ್ನಲಿಲ್ಲ, ಸರಿಯಾದ ಮಾತಿನಲ್ಲೇ ಹೇಳಿದೆ. ಆಕೆ ತಲೆಯೆತ್ತಿ ನೋಡಿ, "ಬೇಕಾಗಿಲ್ಲ ಆಂಟಿ, ನಮಗೂ ಗೊತ್ತು. ಇಲ್ಲಿ ಮೊದಲಿಂದ ಮಾಡ್ಕೊಂಡು ಬಂದಿದಾರೆ, ಯಾರೂ ಕೇಳಲ್ಲ, ನಾವೂ ಹೇಳಲ್ಲ. ಬೇಡ ಅಂದರೆ ಬಿಡ್ತಾರೆ. ಸಿಸೇರಿಯನ್ ಆಗೋದಾದರೆ ಹೊಲಿಗೆ ಹಾಕೋ ಜಾಗದಲ್ಲಿ ಮೇಲೆ ಸ್ವಲ್ಪ ಟ್ರಿಮ್ ಮಾಡಬೇಕಾಗಬಹುದು, ಆಗ ಹೇಳ್ತೀನಿ" ಎಂದಳು. ಅಷ್ಟೇ. ಒಂದು ನಿಮಿಷದ ಮಾತು.

ನಾನು ಹಿಂದಿರುಗುವಾಗ ಆಯಾ ಪರದೆಯ ಹೊರಗೆ ಟ್ರೇ ಹಿಡಿದು ನಿಂತಿದ್ದಳು. ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಡಾಕ್ಟರು ಬೇಡ ಎಂದರೆಂದು ಹೇಳಿದೆ. ಸಿಟ್ಟಾಗುತ್ತಾಳೆಂದುಕೊಂಡಿದ್ದೆ. ಆಕೆ ರೇಜರಿನ ಪ್ಯಾಕೆಟ್ಟನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು, "ನಂಗೂ ಈ ಕೆಲಸ ಇಷ್ಟ ಇಲ್ಲ ಕಣಮ್ಮ. ಕುಯ್ದೋಗ್ತದೆ, ಆಮೇಲೆ ನಮ್ಮನ್ನೇ ಬೈತಾರೆ. ಇಪ್ಪತ್ತೆರಡು ವರ್ಷದಲ್ಲಿ ಬೇಡ ಅಂದೋಳು ನಿಮ್ಮ ಮಗಳೇ ಮೊದಲು" ಎಂದು ಹೇಳಿ, ಬಿಸಿನೀರು ತರಲು ಹೋದಳು.

ಬೆಳಗಿನ ಜಾವ ನಾಲ್ಕೂವರೆಗೆ ಹೆಣ್ಣು ಮಗು ಹುಟ್ಟಿತು. ತಲೆ ತುಂಬ ಕೂದಲು.